ಬಾಟನಿ ಮೇಡಂ ಮಾಡಿಸಿದ ಕುಬಸ

ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ಸಂಜೆಯಾದರೆ ಒಂದು ಗೋಬಿ ಮಂಚೂರಿ ಗಾಡಿ ಬಂದು ನಿಲ್ಲುತ್ತದೆ. ಕಾದ ಬಾಣಲೆಗೆ ಅವನು ವಿನಿಗರ್ ಸುರಿದಾಗ ಏಳುವ ಹಬೆಗೆ ಉಳಿದವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ಹೊನ್ನಾಳಿಯ ಕಾಲೇಜಿನ ಲ್ಯಾಬು ಕಣ್ಣಮುಂದೆ ಬರುತ್ತದೆ. ಮೊನ್ನೆ ನಲ್ಲೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದಾಗಲೂ ಹಾಗೇ ಆಯಿತು. ಅದೇ ಹುಳಿ ಘಾಟು, ಮೂಗಿನ ತುದಿಯಲ್ಲಿ ಅದೇ ಚುರುಕು. ಬಸ್ಸು ಬಂತು, ಹೋಯಿತು. ನಾನು ಹತ್ತಲೇ ಇಲ್ಲ. ಗಾಡಿಯವನು ಪಾಪ, ಈ ಅಜ್ಜಿಗೆ ತಿನ್ನುವ ಆಸೆಯಿದೆ, ಕೇಳಲು ನಾಚಿಕೆ ಅಂದುಕೊಂಡನೋ ಏನೋ, "ಅಮ್ಮ, ಒಂದು ಪ್ಲೇಟ್ ಹಾಕ್ಲೇನ್ರೀ, ಖಾರ ಕಮ್ಮಿ ಮಾಡಿ?" ಅಂದ. ಬೇಡಪ್ಪ ಅಂದೆ. ಅವನಿಗೆ ಏನಂತ ಹೇಳಲಿ, ನಿನ್ನ ಬಾಣಲೆಯಿಂದ ನಮ್ಮ ಬಾಟನಿ ಮೇಡಂ ಎದ್ದು ಬಂದರು ಅಂತಲೇ?

ಎಂಬತ್ತರ ದಶಕದ ನಡುವಿನ ಮಾತು. ನಾನು ಜಗಳೂರು ಸೀಮೆಯ ಹುಡುಗಿ, ಹೊನ್ನಾಳಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ನಮಗೆ ಸಸ್ಯಶಾಸ್ತ್ರ ಹೇಳುತ್ತಿದ್ದವರು ಸವಳಂಗದ ಕಡೆಯವರು. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಅದೊಂದೇ ಸಾಕಿತ್ತಲ್ಲ ಊರಿನವರಿಗೆ, ಬಾಯಿಗೆ ಬಂದದ್ದು ಆಡಲು. ಮೇಡಂ ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎತ್ತರದ ಆಳು, ದಪ್ಪ ಜಡೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಲ್ಯಾಬಿನಲ್ಲಿ ಗಂಡುಹುಡುಗರೂ ಉಸಿರೆತ್ತುತ್ತಿರಲಿಲ್ಲ. ಅವರ ಬಲಗೈ ಹೆಬ್ಬೆರಳು ಯಾವಾಗಲೂ ಕೆಂಪಗಿರುತ್ತಿತ್ತು. ಹೊಸದಾಗಿ ಬಂದವರು ಮದರಂಗಿ ಅಂದುಕೊಳ್ಳುತ್ತಿದ್ದರು. ಅದು ಮದರಂಗಿಯಲ್ಲ, ಅಸಿಟೋಕಾರ್ಮಿನ್ ಅನ್ನುವ ಬಣ್ಣ. ಅದರಲ್ಲಿರುವುದೂ ವಿನಿಗರಿನ ಆಮ್ಲವೇ, ಹುಳಿ ಘಾಟು ಅದರದೇ.

ಹೂವಿನೊಳಗಿನ ಪರಾಗಚೀಲವೆಂದರೆ ಅವರಿಗೆ ಹುಚ್ಚು. ಇನ್ನೂ ಅರಳದ ಮೊಗ್ಗನ್ನು ಸೂಜಿಯಿಂದ ಬಿಡಿಸಿ, ಅಕ್ಕಿಕಾಳಿಗಿಂತ ಸಣ್ಣದಾದ ಆ ಚೀಲವನ್ನು ಗಾಜಿನ ಮೇಲಿಟ್ಟು, ಒಂದು ಹನಿ ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪಕ್ಕೆ ಹಿಡಿದು, ಮೇಲೆ ತೆಳುಗಾಜು ಮುಚ್ಚಿ ಹೆಬ್ಬೆರಳಿನಿಂದ ಅದುಮುತ್ತಿದ್ದರು. ಹೆಚ್ಚು ಅದುಮಿದರೆ ಗಾಜು ಒಡೆಯಿತು, ಕಡಿಮೆ ಅದುಮಿದರೆ ಏನೂ ಕಾಣದು. ನಾವು ಒಡೆದ ಗಾಜುಗಳಿಗೆ ಲೆಕ್ಕವಿಲ್ಲ. "ರೊಟ್ಟಿ ತಟ್ಟೋ ಕೈ ಕಣ್ರೇ ನಿಮ್ಮವು, ಇದಕ್ಕೆ ಯಾಕೆ ಹಿಂಗೆ ನಡುಗ್ತಾವೆ?" ಅಂತ ಬೈಯುತ್ತಿದ್ದರು. ಬೈಗುಳದಲ್ಲೇ ಕಲಿಸುವ ಜಾತಿಯವರು ಅವರು.

ಅವರು ಹೇಳಿದ ಒಂದು ಪಾಠ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ. ಪರಾಗಚೀಲದ ಒಳಗೋಡೆಗೆ ಅಂಟಿಕೊಂಡಂತೆ ಜೀವಕೋಶಗಳ ಒಂದು ಪದರ ಇರುತ್ತದೆ, ಹೆಸರು ಟ್ಯಾಪೀಟಮ್. ನಡುವೆ ಪರಾಗದ ತಾಯಿಕೋಶಗಳು. ಒಂದೊಂದು ತಾಯಿಕೋಶವೂ ಒಡೆದು ನಾಲ್ಕು ಮರಿಯಾಗುತ್ತದೆ. ಆ ನಾಲ್ಕಕ್ಕೂ ಊಟ ಉಣಿಸುವ ಕೆಲಸ ಟ್ಯಾಪೀಟಮ್ಮಿನದು. ಉಣಿಸಿ ಉಣಿಸಿ, ಪರಾಗದ ಕಾಳು ಗಟ್ಟಿಯಾಗುವ ಹೊತ್ತಿಗೆ ಆ ಪದರ ತಾನೇ ಕರಗಿಹೋಗುತ್ತದೆ. ಅದರ ಮೈಯಲ್ಲಿದ್ದದ್ದೂ ಮರಿಗಳಿಗೇ ಸೇರುತ್ತದೆ.

"ಬಾಣಂತನ ಮಾಡಾಕೆ ತವರಿಂದ ಬಂದ ಹೆಣ್ಣಿದ್ದಂಗೆ ಇದು," ಅಂದಿದ್ದರು ಮೇಡಂ. "ಹೊತ್ತಿಗೆ ಸರಿಯಾಗಿ ಬರಬೇಕು, ಹೊತ್ತಿಗೆ ಸರಿಯಾಗಿ ಹೋಗಬೇಕು. ಅರ್ಧಕ್ಕೆ ಬಿಟ್ಟು ಹೋದಳೋ, ಮರಿ ಉಪವಾಸ ಸಾಯ್ತಾವೆ. ಹೋಗದೇ ಪಟ್ಟಾಗಿ ಕೂತಳೋ, ಆಗಲೂ ಮರಿಗೆ ಉಸಿರಾಡಾಕೆ ಜಾಗ ಇಲ್ಲ."

ಹುಡುಗರು ಕಿಸಕ್ಕನೆ ನಕ್ಕಿದ್ದರು. ಬಾಣಂತನದ ಮಾತು ತರಗತಿಯಲ್ಲಿ ಯಾರಾದರೂ ಆಡುತ್ತಾರೆಯೇ ಆಗಿನ ಕಾಲದಲ್ಲಿ. ಮೇಡಂ ಅವರತ್ತ ತಿರುಗಿ, "ನೀವೇನು ಮರದಾಗೆ ಕಾಯಿ ಬಿಟ್ಟಂಗೆ ಬಿಟ್ಟೀರೇನ್ರೋ?" ಅಂದರು. ಆಮೇಲೆ ಯಾರೂ ನಗಲಿಲ್ಲ.

ಅವರು ಡಾಕ್ಟರೇಟಿಗೆ ಅಭ್ಯಾಸ ಮಾಡುತ್ತಿದ್ದುದೂ ಇದರ ಮೇಲೆಯೇ. ರಜೆ ಬಂತೆಂದರೆ ಊರೂರು ತಿರುಗಿ ಮೊಗ್ಗು ಕಿತ್ತು ತರುವರು. ಕಿತ್ತ ಮೊಗ್ಗನ್ನು ಅಲ್ಲೇ ಸ್ಪಿರಿಟ್ಟಿಗೆ ಅದೇ ಹುಳಿ ಆಮ್ಲ ಬೆರೆಸಿದ ದ್ರವದಲ್ಲಿ ಮುಳುಗಿಸಿಡಬೇಕು, ಇಲ್ಲದಿದ್ದರೆ ಕೋಶ ಕೆಡುತ್ತದೆ. ಹೀಗಾಗಿ ಕೈಚೀಲದಲ್ಲಿ ಯಾವಾಗಲೂ ಎರಡು ಮೂರು ಸೀಸೆ. ಒಮ್ಮೆ ನ್ಯಾಮತಿಯಿಂದ ಬರುವಾಗ ಒಂದರ ಬಿರಡೆ ಸಡಿಲಾಗಿ ಬಸ್ಸೆಲ್ಲ ಸಾರಾಯಿ ಅಂಗಡಿಯ ವಾಸನೆ. ಕಂಡಕ್ಟರು ಮೂಸುತ್ತ ಮೂಸುತ್ತ ಹಿಂದಿನ ಸೀಟಿನ ಗಂಡಸರನ್ನೆಲ್ಲ ಗದರಿಸಿ ಕೊನೆಗೆ ಮೇಡಂ ಹತ್ತಿರ ಬಂದು ನಿಂತ. ಮೇಡಂ ಕಿಟಕಿಯಾಚೆ ನೋಡುತ್ತ, "ನಂದೇ ಕಣಪ್ಪ, ಆದ್ರೆ ಕುಡಿಯಾಕಲ್ಲ, ಹೂವಿಗೆ" ಅಂದರಂತೆ. ಹೂವಿಗೆ ಕುಡಿಸುವ ಹೆಂಗಸು ಅಂತ ಆ ದಾರಿಯ ಬಸ್ಸಿನವರೆಲ್ಲ ಅವರನ್ನು ಗುರುತಿಟ್ಟುಕೊಂಡಿದ್ದರು. ಈ ಕತೆಯನ್ನು ನಮಗೆ ಹೇಳಿದವರು ಮೇಡಮ್ಮೇ, ನಗಲಿ ಅಂತಲೇ ಹೇಳಿದ್ದು.

ಇನ್ನು ನಮ್ಮ ಮನೆಯ ಸಮಾಚಾರ. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ನಮ್ಮ ಪಾಲಿನ ಹೊಲವನ್ನು ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ತಾವೇ ಉಳುತ್ತಿದ್ದರು. ವರ್ಷಕ್ಕಿಷ್ಟು ಕಾಳು ಮನೆಗೆ ತಂದು ಸುರಿಯುವರು, ಕೇಳುವ ಹಾಗಿಲ್ಲ. ದೊಡ್ಡಪ್ಪ ಕೆಟ್ಟವರೇನಲ್ಲ. ಗಂಡ ಸತ್ತ ಹೆಂಗಸು ಒಲೆ ಮುಂದೆ ಇರಬೇಕು ಅನ್ನುವುದು ಅವರಿಗೆ ಸೂರ್ಯ ಮೂಡುವಷ್ಟೇ ನಿಜವಾಗಿತ್ತು, ಅಷ್ಟೇ. ಆದರೆ ನಮ್ಮವ್ವ ಹೊಲ ಬಿಟ್ಟು ಬದುಕುವವಳಲ್ಲ. ಆ ವರ್ಷ ಹೈಬ್ರಿಡ್ ಜೋಳದ ಬೀಜ ಮಾಡುವವರು ಬೇಕು ಅಂತ ಬೀಜದ ಕಂಪನಿಯವರು ಊರಿಗೆ ಬಂದಾಗ ಅವ್ವ ಗಟ್ಟಿಯಾಗಿ ನಿಂತುಬಿಟ್ಟಳು, ನಮ್ಮ ಹೊಲದಲ್ಲಿ ನಾನೇ ಮಾಡುತ್ತೇನೆ ಅಂತ. ದೊಡ್ಡಪ್ಪ ಹಿರಿಯರನ್ನು ನಾಲ್ಕು ಮಂದಿಯನ್ನು ಕೂಡಿಸಿದರು.

"ಆಗ್ಲಿ, ಈ ಒಂದು ಬೆಳೆ ನೋಡಾನ. ಬೀಜದ ಇನ್ಸ್‌ಪೆಕ್ಟ್ರು ಬಂದು ನೋಡಿ ಪಾಸು ಅಂದ್ರೆ ಹೊಲ ನೀನೇ ಮಾಡ್ಕ. ಅಲ್ಲಗಳೆದು ಹೋದ್ರೆ ಮಾತ್ರ ಸುಮ್ಕೆ ನನ್ನ ಕೈಗೆ ಕೊಟ್ಟು ಮನೆಯಾಗಿರು. ಆಮ್ಯಾಲೆ ಹೊಲದ ಮಾತೆತ್ತಂಗಿಲ್ಲ," ಅಂದರು.

ಅವ್ವ ಹೂಂ ಅಂದಳು. ಆ ಹೂಂ ಅನ್ನಲು ಅವಳಿಗೆ ಎಷ್ಟು ಎದೆ ಬೇಕಾಗಿತ್ತು ಅಂತ ನನಗೆ ಈಗ, ನನ್ನ ಕೂದಲು ನೆರೆತ ಮೇಲೆ ಅರ್ಥವಾಗುತ್ತದೆ.

ಬೀಜದ ಹೊಲವೆಂದರೆ ಮಾಮೂಲಿ ಜೋಳದ ಹೊಲವಲ್ಲ. ನಾಲ್ಕು ಸಾಲು ಹೆಣ್ಣು, ಎರಡು ಸಾಲು ಗಂಡು, ಮತ್ತೆ ನಾಲ್ಕು ಹೆಣ್ಣು, ಹೀಗೆ ಬಿತ್ತಬೇಕು. ಹೆಣ್ಣು ಸಾಲಿನ ಗಿಡಕ್ಕೂ ಪರಾಗಚೀಲ ಇರುತ್ತವೆ, ಆದರೆ ಸೊರಗಿದವು, ಒಳಗೆ ಏನೂ ಇಲ್ಲ. ಗಂಡು ಸಾಲಿನ ಪರಾಗ ಗಾಳಿಯಲ್ಲಿ ಹಾರಿ ಬಂದು ಹೆಣ್ಣು ತೆನೆಯ ಮೇಲೆ ಬಿದ್ದು ಕಟ್ಟಿದ ಕಾಳೇ ಹೈಬ್ರಿಡ್ ಬೀಜ. ತೊಂದರೆ ಏನೆಂದರೆ, ಹೆಣ್ಣು ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಪರಾಗ ಉದುರಿಸುವಂಥದ್ದು ಬಂದುಬಿಡುತ್ತದೆ. ತೆನೆ ಬಿರಿದ ಬೆಳಿಗ್ಗೆ ನೋಡಿದರೆ ಗೊತ್ತಾಗುತ್ತದೆ, ಉಬ್ಬಿದ ಹಳದಿ ಚೀಲ ಜೋತಾಡುತ್ತಿರುತ್ತವೆ. ಅಂಥವನ್ನು ಪರಾಗ ಉದುರುವ ಮೊದಲೇ ಕಿತ್ತೊಗೆಯಬೇಕು. ಇನ್ಸ್‌ಪೆಕ್ಟರು ಬಂದ ದಿನ ಅಂಥವು ಉದುರಿಸುತ್ತ ನಿಂತಿದ್ದರೆ ಹೊಲ ಫೇಲು. ಅವ್ವ ಹೂ ಬಿಡಲು ಶುರುವಾದಂದಿನಿಂದ ದಿನಾ ನಸುಕಿನಲ್ಲಿ ಸಾಲು ಸಾಲು ತಿರುಗಿ ಕೀಳುತ್ತಿದ್ದಳು.

ಆ ಸಲ ಮಳೆ ತಡವಾಗಿ ಬಂದು ಬಿತ್ತನೆಯೂ ತಡವಾಗಿತ್ತು. ದಸರಾ ರಜೆಗೆ ನಾನು ಊರಿಗೆ ಹೋದಾಗ ಹೊಲ ಇನ್ನೂ ಹೂವಿನಲ್ಲಿತ್ತು. ಸುತ್ತ ಶೇಂಗಾ, ನಡುವೆ ನಮ್ಮ ಜೋಳ. ಮೇಡಮ್ಮಿಗೆ ಅವರ ಅಭ್ಯಾಸಕ್ಕೆ ಈ ಖಾಲಿ ಪರಾಗಚೀಲವೇ ಬೇಕಾಗಿತ್ತು. ಟ್ಯಾಪೀಟಮ್ ಯಾವ ಹಂತದಲ್ಲಿ ಕೈಕೊಡುತ್ತದೆ ಅಂತ ನೋಡಬೇಕು, ನಿಮ್ಮ ಹೊಲಕ್ಕೆ ಬರ್ತೀನಿ ಅಂತ ಮೊದಲೇ ಹೇಳಿದ್ದರು. ಬಂದೇ ಬಂದರು. ಜಗಳೂರಿನಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲೆ ಸೂಕ್ಷ್ಮದರ್ಶಕದ ಮರದ ಪೆಟ್ಟಿಗೆ ಇಟ್ಟುಕೊಂಡು. ನಮ್ಮೂರ ಕಟ್ಟೆಯ ಮೇಲೆ ಕೂತವರು ಹಾರ್ಮೋನಿಯಂ ಬಾರಿಸುವವರು ಬಂದರು ಅಂದುಕೊಂಡರು.

ಅದು ಭೂಮಿಹುಣ್ಣಿಮೆಯ ಹಿಂದಿನ ದಿನ. ನಮ್ಮ ಕಡೆ ಆ ಹುಣ್ಣಿಮೆಗೆ ಭೂಮಿತಾಯಿ ಬಸುರಿ. ನಸುಕಿನಲ್ಲೇ ಹೊಲಕ್ಕೆ ಹೋಗಿ ಪೂಜೆ ಮಾಡಿ, ಬಯಕೆಯ ಅಡುಗೆ ಕಲಸಿ ಹೊಲದ ತುಂಬ ಚರಗ ಚೆಲ್ಲಬೇಕು. ಅವತ್ತು ನೇಗಿಲು ಮುಟ್ಟುವಂತಿಲ್ಲ, ಕುಡುಗೋಲು ಮುಟ್ಟುವಂತಿಲ್ಲ, ಬೆಳೆಯಿಂದ ಒಂದು ಹಸಿರೆಲೆ ಹರಿಯುವಂತಿಲ್ಲ. ಅದಕ್ಕೇ ಅವ್ವ ಹಿಂದಿನ ದಿನವೇ ಹೊಲವನ್ನೆಲ್ಲ ಜಾಲಾಡಿ ಉದುರುವ ಗಿಡ ಒಂದೂ ಇಲ್ಲದ ಹಾಗೆ ಮಾಡಿದ್ದಳು. ಮೇಡಂ ತಮಗೆ ಬೇಕಾದ ಮೊಗ್ಗನ್ನೂ ಅವತ್ತೇ ಕಿತ್ತು ಸೀಸೆಗೆ ಹಾಕಿಕೊಂಡರು. ಸಂಜೆಗೆ ಊರಿಗೆ ಸುದ್ದಿ ಬಂತು, ಇನ್ಸ್‌ಪೆಕ್ಟರ ಜೀಪು ನಾಳೆ ಬೆಳಿಗ್ಗೆ ಬರುತ್ತದೆ ಅಂತ. ಅವ್ವನ ಮುಖ ಅರಳಿತು. ಎಲ್ಲ ಕಿತ್ತಾಗಿದೆಯಲ್ಲ.

ಮರುದಿನ ಬೆಳ್ಳಂಬೆಳಿಗ್ಗೆ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಅವ್ವ, ನಾನು, ಮೇಡಂ, ದೊಡ್ಡಪ್ಪ, ದೊಡ್ಡಮ್ಮ, ಓಣಿಯ ಹೆಂಗಸರು ಒಂದಷ್ಟು ಜನ, ತಲೆಯ ಮೇಲೆ ಅಡುಗೆಯ ಬುಟ್ಟಿ ಹೊತ್ತು ಹೊಲಕ್ಕೆ ಹೋದೆವು. ಪೂಜೆ ಆಯಿತು. ಚರಗ ಚೆಲ್ಲುತ್ತ ಬಡಗಣ ಮೂಲೆಗೆ ಬಂದವಳು ಅವ್ವ ನಿಂತೇಬಿಟ್ಟಳು. ಆ ಮೂಲೆ ತಗ್ಗು, ಅಲ್ಲಿನ ಗಿಡ ಹೂ ಬಿಡುವುದು ತಡ. ರಾತ್ರಿ ಬೆಳಗಾಗುವುದರೊಳಗೆ ಅಲ್ಲಿ ಹೊಸ ತೆನೆ ಬಿರಿದಿದ್ದವು. ಹೆಣ್ಣು ಸಾಲಿನಲ್ಲಿ, ಅಲ್ಲಲ್ಲಿ, ಉಬ್ಬಿದ ಹಳದಿ ಚೀಲ.

ಒಂದೆರಡಲ್ಲ... ನೋಡಿದಷ್ಟೂ ಕಂಡವು. ಇನ್ನೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ ಪುಣ್ಯ.

ಮೇಡಂ ಕೈಯಲ್ಲಿದ್ದ ಎಡೆಯ ತಟ್ಟೆ ಕೆಳಗಿಟ್ಟು ಹತ್ತಿರದ ತೆನೆಗೆ ಕೈ ಹಾಕಿದರು. ಅವ್ವ ಅವರ ಮಣಿಕಟ್ಟು ಹಿಡಿದುಕೊಂಡಳು. ನನ್ನ ಅವ್ವ ಒಬ್ಬ ಲೆಕ್ಚರರ ಕೈ ಹಿಡಿದು ತಡೆದಳು.

"ಬ್ಯಾಡ್ರಿ ಮೇಡಂ. ಇವತ್ತು ಬ್ಯಾಡ್ರಿ."

"ಬಿಸಿಲೇರಿ ಇಬ್ಬನಿ ಆರಿದ್ರೆ ಇವು ಬಾಯಿ ಬಿಡ್ತಾವ್ರೀ. ಆಗ ಆ ಮನುಷ್ಯ ಬಂದು ನೋಡಿದ್ರೆ ಹೊಲ ಕೈಬಿಟ್ಟು ಹೋತೈತೆ ನಿಮ್ದು."

"ಹೋದ್ರೆ ಹೋಗ್ಲಿ. ಉಡಿ ತುಂಬಿ ಕುಬಸ ಮಾಡೋ ದಿನ ಬಸುರಿ ಮೈಗೆ ಕೈ ಹಾಕು ಅಂತೀರಲ್ರೀ. ನನ್ನಿಂದ ಆಗಾಕಿಲ್ಲ."

ಅವ್ವ ಅಳುತ್ತಿದ್ದಳು. ಹೊಲ ಹೋಗುತ್ತದೆ ಅಂತ ಗೊತ್ತಿದ್ದೇ ಆ ಮಾತು ಆಡಿದ್ದಳು. ದೊಡ್ಡಪ್ಪ ಬದುವಿನ ಮೇಲೆ ನಿಂತು, "ಬುದ್ಧಿವಂತೆ ಅದಾಳೆ. ಇವತ್ತು ಒಂದು ಗರಿ ಹರಿದ್ರೂ ಊರು ಸುಮ್ಕಿರಲ್ಲ" ಅಂದರು. ಅವರ ಧ್ವನಿಯಲ್ಲಿ ಭಕ್ತಿ ಎಷ್ಟಿತ್ತೋ, ಸಮಾಧಾನವೂ ಅಷ್ಟೇ ಇತ್ತು. ಕೇಳಿ ನನ್ನ ಮೈಯೆಲ್ಲ ಉರಿಯಿತು.

ಮೇಡಂ ಬೈಯುತ್ತಾರೆ ಅಂತ ನಾನು ಕಾದೆ. ತರಗತಿಯಲ್ಲಾಗಿದ್ದರೆ ಮೂಢನಂಬಿಕೆ ಅಂತ ಅರ್ಧ ಗಂಟೆ ಭಾಷಣ ಬಿಗಿಯುತ್ತಿದ್ದರು. ಅವರು ಬೈಯಲಿಲ್ಲ. ಅವ್ವನನ್ನೇ ನೋಡುತ್ತ ನಿಂತವರು, "ಕುಬಸ ಅಂದ್ರಲ್ಲ ಈಗ," ಅಂದರು. "ಕೀಳೋದು ಬ್ಯಾಡ್ರಿ. ಕುಯ್ಯೋದೂ ಬ್ಯಾಡ. ಮುಚ್ಚಿದ್ರೆ ಸಾಕು. ತೆನೆ ಸುತ್ತ ಬಟ್ಟೆ ಕಟ್ಟಿದ್ರೆ ಒಂದು ಕಣ ಪುಡಿ ಹೊರಗೆ ಬರಾಕಿಲ್ಲ. ನಾವು ಅಭ್ಯಾಸಕ್ಕೆ ಕಾಗದದ ಚೀಲ ಕಟ್ತೀವಲ್ಲ, ಹಂಗೆ. ಬಸುರಿಗೆ ಕುಬಸದ ಬಟ್ಟೆ ಹಾಕಿದ್ರೆ ಯಾರು ಬ್ಯಾಡ ಅಂತಾರೆ?"

ಕುಬಸವೆಂದರೆ ಗೊತ್ತಲ್ಲ, ಬಸುರಿಗೆ ರವಿಕೆಯ ಬಟ್ಟೆ ಇಟ್ಟು ಹರಸುವ ಶಾಸ್ತ್ರ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಮಿತಾಯಿಗೆ ಬಯಕೆಯ ಊಟ ಇಡುವವರು ರವಿಕೆ ಬಟ್ಟೆ ಇಟ್ಟರೆ ತಪ್ಪೇನು? ಆದರೆ ಅಷ್ಟು ಬಟ್ಟೆ ಎಲ್ಲಿಂದ ತರುವುದು, ಅದೂ ಬಿಸಿಲೇರುವುದರೊಳಗೆ.

ಆಗ ಬಾಯಿ ಬಿಟ್ಟವರು ನಮ್ಮ ದೊಡ್ಡಮ್ಮ. ಗಂಡನೆದುರು ಕೆಮ್ಮಲೂ ಹೆದರುತ್ತಿದ್ದ ಹೆಂಗಸು. "ನನ್ನ ಟ್ರಂಕಿನಾಗೆ ಜಂಪರ್ ಪೀಸು ಬೇಕಾದಷ್ಟು ಅದಾವೆ. ಹೊಲಿಸೋವೇನಲ್ಲ ಅವು," ಅಂದವರೇ ಊರ ಕಡೆ ದಾಪುಗಾಲು ಹಾಕಿದರು.

ಇದನ್ನು ಓದುವ ಹೆಣ್ಣುಮಕ್ಕಳಿಗೆ ಹೇಳುವುದೇ ಬೇಡ. ಊರಿನಲ್ಲಿ ಉಡಿ ತುಂಬಲು ಕೊಡುವ ಜಂಪರ್ ಪೀಸುಗಳನ್ನು ಯಾರೂ ಹೊಲಿಸುವುದಿಲ್ಲ. ಇವರು ಅವರಿಗೆ, ಅವರು ಮತ್ತೊಬ್ಬರಿಗೆ, ಹೀಗೆ ಮದುವೆ ಸೀಮಂತಗಳಲ್ಲಿ ಮನೆಮನೆ ಸುತ್ತಿ ಕೊನೆಗೆ ಕೊಟ್ಟವರ ಮನೆಗೇ ಬಂದು ಬೀಳುತ್ತವೆ. ಅಂಥವು ಎಲ್ಲರ ಟ್ರಂಕಿನಲ್ಲೂ ಇದ್ದವು. ದೊಡ್ಡಮ್ಮನ ಹಿಂದೆ ಹೆಂಗಸರೆಲ್ಲ ಓಡಿದರು. ಹೊಲ ಊರಿಗೆ ಅಂಟಿಕೊಂಡಂತೆಯೇ ಇದ್ದುದು ನಮ್ಮ ಅದೃಷ್ಟ. ವಾಪಸು ಬಂದಾಗ ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ರಾಶಿ. ಕೆಂಪು, ಹಸಿರು, ಅರಿಶಿನ, ರಾಮಾ ಗ್ರೀನು, ನವಿಲುಗಣ್ಣಿನ ಬಣ್ಣ. ನಾನು ಅಷ್ಟರಲ್ಲಿ ಅಡುಗೆಯ ಬುಟ್ಟಿಗೆ ಮುಚ್ಚಿದ್ದ ಹಳೇ ಸೀರೆಯ ಅಂಚು ಹರಿದು ಕಟ್ಟುವ ದಾರ ಮಾಡಿಟ್ಟಿದ್ದೆ.

ಎಲ್ಲ ಸಿದ್ಧವಾಯಿತು, ಯಾರೂ ಮುಂದೆ ಬರಲಿಲ್ಲ. ಮೊದಲ ಕುಬಸ ಯಾರು ಕಟ್ಟಬೇಕು? ಹಿರಿಯ ಮುತ್ತೈದೆ ದೊಡ್ಡಮ್ಮ. ದೊಡ್ಡಪ್ಪ ಅವರನ್ನು ಕಣ್ಣಲ್ಲೇ ತಡೆದು ನಿಲ್ಲಿಸಿದ್ದರು, ಅವರು ಬಟ್ಟೆ ಹಿಡಿದು ತಲೆ ತಗ್ಗಿಸಿದ್ದರು. ಅವರು ಕಟ್ಟದೆ ಉಳಿದವರು ಕಟ್ಟರು. ಮೂಡಣದಲ್ಲಿ ಬೆಳಕು ಕೆಂಪಗಾಗುತ್ತಿತ್ತು. ಮೇಡಂ ಒಂದು ಹಸಿರು ಪೀಸು ಎತ್ತಿ ಅವ್ವನ ಕೈಗೆ ಕೊಟ್ಟರು.

"ಮೊದ್ಲು ನೀವು ಕಟ್ರಿ."

ಅವ್ವ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಅಪ್ಪ ಹೋದ ಮೇಲೆ ಅವಳ ಕೈಯಿಂದ ಯಾರೂ ಉಡಿ ತುಂಬಿಸಿಕೊಂಡಿರಲಿಲ್ಲ. ಕುಬಸದ ಮನೆಗಳಲ್ಲಿ ಅವಳು ಹಿತ್ತಲಿನಲ್ಲಿ ಪಾತ್ರೆ ತೊಳೆಯುತ್ತಿದ್ದಳು, ತಾನಾಗಿಯೇ, ಯಾರೂ ಹೇಳುವ ಮೊದಲೇ.

"ಆಕೆ ಕೈಲಿ ಬ್ಯಾಡ," ಅಂದರು ದೊಡ್ಡಪ್ಪ. "ಮುಂಡೆ ಕೈ ಅದು."

ಮೇಡಂ ಧ್ವನಿ ಏರಿಸಲಿಲ್ಲ. ತರಗತಿಯಲ್ಲಿ ಪ್ರಶ್ನೆ ಕೇಳುವ ಹಾಗೆಯೇ ಕೇಳಿದರು. "ಈ ಹೊಲ ಬಿತ್ತಿದ ಕೈ ಯಾರದು ಯಜಮಾನ್ರೇ?"

ದೊಡ್ಡಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು.

"ಬಿತ್ತುವಾಗ ಈ ಕೈ ಆಗಿತ್ತು. ಕಳೆ ಕೀಳುವಾಗ ಆಗಿತ್ತು. ಭೂಮಿತಾಯಿ ಬ್ಯಾಡ ಅಂದಿದ್ರೆ ಮೊಳಕೆನೇ ಬರ್ತಿರಲಿಲ್ಲ. ಆಕೆನೇ ಒಪ್ಪಿರೋವಾಗ ನೀವ್ಯಾರ್ರೀ ಬ್ಯಾಡ ಅನ್ನಾಕೆ? ನನಗೂ ನೋಡ್ರಿ, ಕುಬಸ ಮಾಡೋರೂ ಇಲ್ಲ, ಕುಂಕುಮ ಅಳಿಸೋರೂ ಇಲ್ಲ. ಇವರ ಹಿಂದೆ ನಾನು ಕಟ್ತೀನಿ."

ಅವ್ವ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಹಸಿರು ಪೀಸು ತೆಗೆದುಕೊಂಡು, ತೆನೆಗೆ ಅರಿಶಿನ ಕುಂಕುಮ ಇಟ್ಟು, ಎರಡೂ ಕೈಯಿಂದ ಬಟ್ಟೆ ಸುತ್ತಿ ದಂಟಿಗೆ ಬಿಗಿದು ಕಟ್ಟಿದಳು. ಕೈ ನಡುಗಲಿಲ್ಲ. ಎರಡನೆಯದು ಮೇಡಂ ಕಟ್ಟಿದರು, ಆ ಕೆಂಪು ಹೆಬ್ಬೆರಳಿನಿಂದ ಗಂಟು ಅದುಮಿ. ಮೂರನೆಯದಕ್ಕೆ ದೊಡ್ಡಮ್ಮ ಬಂದು ನಿಂತರು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ಕೇಳಬೇಕೇ? ಹೆಂಗಸರು ಸಾಲಿಗೊಬ್ಬರು ನುಗ್ಗಿದರು. ಮೇಡಂ ಮುಂದೆ ಮುಂದೆ ಹೋಗಿ, ಉಬ್ಬಿದ ಚೀಲ ಯಾವುದು ಸೊರಗಿದ್ದು ಯಾವುದು ನೋಡಿ ತೋರಿಸುವರು, ಹಿಂದಿನವರು ಕಟ್ಟುವರು. ಯಾರೋ ಸೋಬಾನೆ ಪದ ಎತ್ತಿದರು. ಇನ್ಯಾರೋ, "ಯವ್ವಾ, ಇದು ನಾನು ನಿನ್ನ ಮಗಳ ಕುಬಸಕ್ಕೆ ಕೊಟ್ಟಿದ್ದಲ್ಲೇನೇ? ನೀನು ನನ್ನ ಸೊಸೆಗೆ ಕೊಟ್ಟೀಯ?" ಅಂತ ಜಗಳ ತೆಗೆದರು. ಅದಕ್ಕೆ ಹೊಲವೆಲ್ಲ ನಗು. ಅವ್ವನೂ ನಗುತ್ತಿದ್ದಳು. ಮೂರು ವರ್ಷದಲ್ಲಿ ನಾನು ಅವಳ ಹಲ್ಲು ಕಂಡದ್ದು ಅವತ್ತೇ. ಬಿಸಿಲು ಎಲೆಯ ಮೇಲಿನ ಇಬ್ಬನಿ ಹೀರುವ ಹೊತ್ತಿಗೆ ಬಡಗಣ ಮೂಲೆಯ ಕೊನೆಯ ತೆನೆಗೂ ರವಿಕೆ ತೊಡಿಸಿ ಮುಗಿದಿತ್ತು.

ಜೀಪು ಬಂತು. ಇನ್ಸ್‌ಪೆಕ್ಟರು ಕನ್ನಡಕ ಸರಿಮಾಡಿಕೊಂಡು ಹೊಲ ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಹೊಲ ನೋಡಿದರು. "ಏನ್ರೀ ಇದು, ಜೋಳಕ್ಕೆ ಜಂಪರು?" ಅಂದರು. ಮೇಡಂ ಎಲ್ಲ ಬಿಡಿಸಿ ಹೇಳಿದರು. ಇನ್ಸ್‌ಪೆಕ್ಟರು, ರೂಲಿನ ಪ್ರಕಾರ ಕೀಳಬೇಕು, ಮುಚ್ಚಿದರೆ ನಡೆಯಲ್ಲ ಅಂದರು. ಮೇಡಂ, ಕಿತ್ತರೂ ಮುಚ್ಚಿದರೂ ಪುಡಿ ಉದುರದಿರುವುದು ತಾನೇ ಮುಖ್ಯ, ನೀವೇ ನೋಡಿ ಅಂದರು. ಇನ್ಸ್‌ಪೆಕ್ಟರು ಸಾಲು ಸಾಲು ನಡೆದರು. ಹೆಣ್ಣು ತೆನೆಗಳನ್ನು ಅಂಗೈಗೆ ತಟ್ಟಿ ತಟ್ಟಿ ನೋಡಿದರು. ಬೆವರೊರೆಸಿಕೊಂಡು ವಾಪಸು ಬಂದರು. ಅಂಗೈಯಲ್ಲಿ ಹಳದಿ ಇರಲಿಲ್ಲ.

"ನಮ್ಮೂರಾಗೂ ಇವತ್ತು ಇದೇ ಹಬ್ಬ ಕಣ್ರೀ, ನನಗೆ ರಜ ಇಲ್ಲ ನೋಡ್ರಿ," ಅಂದರು ಕೊನೆಗೆ. "ನಾಳೆ ಬೆಳಿಗ್ಗೆ ಇದೇ ದಾರೀಲಿ ವಾಪಸ್ ಬರ್ತೀನಿ. ಅಷ್ಟೊತ್ತಿಗೆ ಜಂಪರ್ ತೊಟ್ಟೋರು ಒಬ್ಬರೂ ಹೊಲದಾಗಿರಬಾರದು."

ಅವ್ವ ಅವರಿಗೆ ಮುತ್ತುಗದ ಎಲೆಯಲ್ಲಿ ಹಬ್ಬದ ಅಡುಗೆ ಬಡಿಸಿದಳು. ಬದುವಿನ ಮೇಲೆ ಕೂತು ಎರಡನೇ ಸಲ ಹಾಕಿಸಿಕೊಂಡು ಉಂಡರು. ಮರುದಿನ ಬೆಳಕು ಹರಿಯುವ ಮೊದಲೇ ನಾವು ಆ ಗಿಡಗಳನ್ನೆಲ್ಲ ಬಟ್ಟೆ ಸಮೇತ ಕಿತ್ತು ಬದುವಿಗೆ ತಂದು ಹಾಕಿದ್ದೆವು. ಅವರು ಬಂದು, ಬಡಗಣ ಮೂಲೆಯವರೆಗೂ ಹೋಗಿ ನೋಡಿ, ಪಾಸು ಅಂದರು. ದೊಡ್ಡಪ್ಪ ಅಲ್ಲೇ ಇದ್ದರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಮಾತು ಅಂದ್ರೆ ಮಾತು. ಹೊಲ ನೀನೇ ಮಾಡ್ಕಳವ್ವ" ಅಂದರು. ಆ 'ಅವ್ವ' ಅನ್ನುವುದನ್ನು ಅವರು ಅವತ್ತಿನವರೆಗೂ ಅಂದಿರಲಿಲ್ಲ. ಅದನ್ನು ನಾನು ಅವರ ಲೆಕ್ಕಕ್ಕೆ ಪುಣ್ಯ ಅಂತಲೇ ಬರೆದಿಟ್ಟಿದ್ದೇನೆ.

ಅವತ್ತು ಮಧ್ಯಾಹ್ನ ಮೇಡಂ ನಮ್ಮ ಅಂಗಳದಲ್ಲಿ ಸೂಕ್ಷ್ಮದರ್ಶಕ ಇಟ್ಟು, ಕೆಳಗಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ, ಅವ್ವನನ್ನು ಕೂರಿಸಿದರು. ಮೊದಲು ಗಂಡು ಸಾಲಿನ ಪರಾಗ, ದುಂಡಗೆ, ಕೆಂಪಗೆ, ತುಂಬಿಕೊಂಡದ್ದು. ಆಮೇಲೆ ಹೆಣ್ಣು ಸಾಲಿನದು, ಬಣ್ಣ ಹತ್ತದೆ ಸುಕ್ಕುಗಟ್ಟಿದ ಬರೀ ಸಿಪ್ಪೆ. ಉಣಿಸುವ ಪದರ ಹೊತ್ತಲ್ಲದ ಹೊತ್ತಿನಲ್ಲಿ ಕೆಟ್ಟುಹೋದದ್ದಕ್ಕೆ ಹೀಗಾಗಿದೆ ಅಂತ ಹೇಳಿದರು. ಅವ್ವ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ಪಾಪ, ಇದ್ಕೆ ಉಣ್ಣಾಕಿಡೋರು ಅರ್ಧಕ್ಕೇ ಹೋಗ್ಬಿಟ್ಟಾರೆ," ಅಂದಳು. ಆಮೇಲೆ, "ಆದ್ರೂ ಗಿಡ ತೆನೆ ತುಂಬಾ ಕಾಳು ಕಟ್ತೈತಲ್ರೀ" ಅಂದಳು. ಮೇಡಂ ಅವ್ವನ ಬೆನ್ನ ಮೇಲೆ ಕೈಯಿಟ್ಟು ಕೂತರು.

ಅವ್ವ ಆಮೇಲೆ ಸಾಯುವವರೆಗೂ ಆ ಹೊಲ ಮಾಡಿದಳು. ಮೇಡಮ್ಮಿಗೆ ನಮ್ಮ ಹೊಲದ ಮೊಗ್ಗಿನಿಂದಲೇ ಡಾಕ್ಟರೇಟು ಬಂತು. ಜಗಳೂರಿನ ಆಸ್ಪತ್ರೆ ಡಾಕ್ಟರನ್ನು ಡಾಕ್ಟರು ಅನ್ನದಿದ್ದ ನಮ್ಮವ್ವ, ಇವರನ್ನು 'ನಮ್ಮ ಜೋಳದ ಡಾಕ್ಟ್ರು' ಅಂತ ಊರೆಲ್ಲ ಹೇಳಿಕೊಂಡು ತಿರುಗಿದಳು. ನಾನು ಓದು ಮುಗಿಸಿ, ನಲ್ಲೂರಿನ ಕಡೆ ಮೇಷ್ಟ್ರ ಕೆಲಸ ಹಿಡಿದು, ಮದುವೆಯಾಗಿ, ಮಕ್ಕಳ ಹಿಂದೆ ಬಿದ್ದು... ಹೋಗಬೇಕು ಹೋಗಬೇಕು ಅಂತಲೇ ವರ್ಷಗಳು ಕಳೆದವು. ಮೇಡಂ ನಿವೃತ್ತಿಯಾಗಿ ಸವಳಂಗದಲ್ಲೇ ಇದ್ದಾರೆ ಅಂತ ಕೇಳಿದ್ದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಥಿ ಎಲ್ಲ ಮುಗಿದ ಮೇಲೆ, ಬಸ್ಸಿನಲ್ಲಿ ಸಿಕ್ಕ ಹಳೆಯ ಸಹಪಾಠಿಯೊಬ್ಬಳಿಂದ ತಿಳಿಯಿತು. ಅವತ್ತು ಇಳಿಯುವ ಸ್ಟಾಪು ದಾಟಿ ಹೋಗಿದ್ದೆ.

ಹೋದ ತಿಂಗಳು ನನ್ನ ಕಿರಿ ಮಗಳ ಕುಬಸ. ನಮ್ಮ ಯಜಮಾನರು ಹೋಗಿ ಎರಡು ವರ್ಷ. ಮನೆ ತುಂಬ ಜನ, ಹಾಡು, ಬಳೆಯ ಸದ್ದು. ಆರತಿ ತಟ್ಟೆ ಬಂತು. ಬೀಗರ ಕಡೆಯ ಹಿರಿಯಳೊಬ್ಬಳು ಮೆಲ್ಲಗೆ, "ಅಮ್ಮಾರು ಒಳಗಿರ್ಲಿ, ಮುತ್ತೈದೇರು ಮೊದ್ಲು ಬರ್ರಿ" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಾನು ಒಳಗೆ ಹೋಗಲಿಲ್ಲ. ತಟ್ಟೆಯಲ್ಲಿದ್ದ ರವಿಕೆ ಬಟ್ಟೆ ತೆಗೆದುಕೊಂಡು ಹೋಗಿ ಮಗಳ ಮಡಿಲಿಗಿಟ್ಟೆ, ಹಣೆಗೆ ಕುಂಕುಮ ಹಚ್ಚಿದೆ. ಮೊದಲನೆಯದು ನನ್ನದೇ. ಹಾಡು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಬೀಗರ ಕಡೆಯ ಆ ಹಿರಿಯಳೇ ನನ್ನ ಹಿಂದೆ ಬಂದು ಎರಡನೆಯದು ಇಟ್ಟಳು.

ನನ್ನ ಕಣ್ಣು ಆಗಲೇ ಸುರಿಯುತ್ತಿತ್ತು. ಮಗಳು ನನ್ನ ಕೈ ಹಿಡಿದುಕೊಂಡು, "ಅಳಬ್ಯಾಡಮ್ಮ. ಅಪ್ಪ ನೆನಪಾದ್ರಾ?" ಅಂದಳು.

"ಅಲ್ಲ ಕಣೇ," ಅಂದೆ. "ನಮಗೊಬ್ರು ಬಾಟನಿ ಮೇಡಂ ಇದ್ರು."